ದಪ್ಪ ಆಗಿಲ್ಲ, ಬಸುರಿ ಅಲ್ಲ, ಆದ್ರೂ ಸ್ಟ್ರೆಚ್ ಮಾರ್ಕ್! ಯಾಕೆ ಬರುತ್ತೆ, ಏನು ಹಚ್ಚಿದ್ರೆ ಹೋಗುತ್ತೆ?

ಬಿಸಿಲುಮಚ್ಚು
ಅಣ್ಣನ ಮಗ, 16 ವರ್ಷ. ಬೆನ್ನಿನ ಕೆಳಭಾಗದಲ್ಲಿ ಅಡ್ಡಕ್ಕೆ ಆರೇಳು ಗೆರೆ ಕಾಣಿಸಿಕೊಂಡಿವೆ, ಒಂದರ ಕೆಳಗೊಂದು. ನೇರಳೆ ಬೆರೆತ ಕೆಂಪು ಬಣ್ಣ. ನೋವಿಲ್ಲ, ನವೆ ಇಲ್ಲ. ದಪ್ಪ ಅಂತೂ ಆಗಿಲ್ಲ, ಸಣಕಲು ಮೈ. ಈಜಿಗೆ ಅಂಗಿ ತೆಗೆದಾಗ "ಯಾರೋ ಹೊಡೆದಿದ್ದು?" ಅಂತ ಕೇಳಿದ್ದಾರೆ, ಈಗ ಈಜೋಕೇ ಹೋಗಲ್ಲ ಅಂತಾನೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಎಣ್ಣೆ ಹೇಳ್ತಿದ್ದಾರೆ. ಇದು ಸ್ಟ್ರೆಚ್ ಮಾರ್ಕೇನಾ? ಸಣ್ಣಗಿರೋರಿಗೂ ಬರುತ್ತಾ?

ಮೂರನೇಪದರ
ಬರುತ್ತೆ, ಧಾರಾಳವಾಗಿ ಬರುತ್ತೆ. ತೂಕ ಬಿಡಿ, ಹೋದ ವರ್ಷದಿಂದ ಈಚೆಗೆ ಎತ್ತರ ಎಷ್ಟು ಏರಿದೆ ನೋಡಿ. ಬೆಳವಣಿಗೆ ಜೋರಾಗಿರೋ ವರ್ಷ ಗಂಡು ಹುಡುಗರು ಸುಮಾರು 9-10 ಸೆಂ.ಮೀ. ಉದ್ದ ಆಗ್ತಾರೆ. ಚರ್ಮ ಯಾವ ದಿಕ್ಕಿಗೆ ಎಳೆತಕ್ಕೆ ಸಿಗುತ್ತೋ ಗೆರೆ ಅದಕ್ಕೆ ಅಡ್ಡವಾಗಿ ಬೀಳುತ್ತೆ. ಬೆನ್ನು ಉದ್ದಕ್ಕೆ ಬೆಳೀತು, ಗೆರೆ ಅಡ್ಡಕ್ಕೆ ಬಿತ್ತು, ಅಷ್ಟೇ. ಹುಡುಗರಲ್ಲಿ ಬೆನ್ನಿನ ಕೆಳಭಾಗ, ತೊಡೆ, ಮಂಡಿಯ ಸುತ್ತ ಹೆಚ್ಚು. ಹುಡುಗಿಯರಲ್ಲಿ ತೊಡೆ, ಪೃಷ್ಠ, ಎದೆ.

ಹೊಡೆತದ ಗುರುತಿಗೂ ಇದಕ್ಕೂ ವ್ಯತ್ಯಾಸ ಹೇಳೋದು ಕಷ್ಟ ಅಲ್ಲ. ಬಾಸುಂಡೆ ಉಬ್ಬಿರುತ್ತೆ, ಮುಟ್ಟಿದ್ರೆ ನೋವು, ಬಣ್ಣ ಹಸಿರು ಹಳದಿಗೆ ತಿರುಗಿ ಒಂದೆರಡು ವಾರದಲ್ಲಿ ಮಾಯ. ಸ್ಟ್ರೆಚ್ ಮಾರ್ಕ್ ತಿಂಗಳುಗಟ್ಟಲೆ ಅಲ್ಲೇ ಇರುತ್ತೆ, ಬೆರಳಾಡಿಸಿದ್ರೆ ಮಟ್ಟವಾಗಿ ಅಥವಾ ಸ್ವಲ್ಪ ತಗ್ಗಾಗಿ ಸಿಗುತ್ತೆ. ತೀರಾ ಹೊಸದಿದ್ರೆ ಮಾತ್ರ ಚೂರು ಉಬ್ಬಿರಬಹುದು. ಬೆನ್ನಿನ ಈ ಗೆರೆ ನೋಡಿ ಮಗುವಿಗೆ ಯಾರೋ ಹೊಡೆದಿದ್ದಾರೆ ಅಂತ ತಪ್ಪು ತಿಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲೇ ವರದಿಯಾಗಿವೆ. ಡಾಕ್ಟರ್ ಹತ್ರ ಒಂದು ಚೀಟಿ ಬರೆಸಿ ಈಜು ಕಲಿಸೋರ ಕೈಗೆ ಕೊಡಿ. ಹುಡುಗನೇ ಪ್ರತಿ ಸಲ ಸಮಜಾಯಿಷಿ ಕೊಡೋದು ತಪ್ಪುತ್ತೆ.

ಹಿತ್ತಲಗಿಡ
ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ. ಮೂರೇ ತಿಂಗಳು. ಗ್ಯಾರಂಟಿ.

ತಕರಾರು
ಗ್ಯಾರಂಟಿ ಕಾರ್ಡ್ ಎಲ್ಲಿ ಸಿಗುತ್ತೆ ಗುರುಗಳೇ?

ಮೂರನೇಪದರ ಅವರು ಹೇಳಿದ್ದು ಸರಿ, ಆದ್ರೆ "ಎತ್ತರ ಬೆಳೆದಿದ್ದಾನೆ" ಅಂತ ಅಲ್ಲಿಗೇ ಬಿಡಬೇಡಿ. ಸಣಕಲು, ಉದ್ದ, ಬೆನ್ನಲ್ಲಿ ಗೆರೆ ಅಂದ ಮೇಲೆ ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ ನೋಡಬಹುದು. ಹೆಬ್ಬೆರಳನ್ನ ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿಸಿ. ಹೆಬ್ಬೆರಳ ಉಗುರಿನ ಭಾಗ ಪೂರ್ತಿ ಕಿರುಬೆರಳ ಆಚೆ ಇಣುಕುತ್ತಾ? ಒಂದು ಕೈಯ ಹೆಬ್ಬೆರಳು ಕಿರುಬೆರಳಿಂದ ಇನ್ನೊಂದು ಕೈಯ ಮಣಿಕಟ್ಟು ಸುತ್ತಿ ಹಿಡಿಯಲಿ, ಹೆಬ್ಬೆರಳು ಕಿರುಬೆರಳಿನ ಉಗುರನ್ನ ಪೂರ್ತಿ ಮುಚ್ಚುತ್ತಾ? ಎರಡೂ ಕೈ ಚಾಚಿದಾಗ ತುದಿಯಿಂದ ತುದಿಗೆ ಬರೋ ಅಳತೆಯನ್ನ ಎತ್ತರದಿಂದ ಭಾಗಿಸಿ, 1.05ಕ್ಕಿಂತ ಜಾಸ್ತಿ ಬರುತ್ತಾ? ಇದೆಲ್ಲ ಹೌದು ಅಂದ್ರೆ ಮಾರ್ಫಾನ್ ಸಿಂಡ್ರೋಮ್ (ಮೈಯ ಅಂಗಗಳನ್ನ ಹಿಡಿದಿಡೋ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರೋ ಕಾಯಿಲೆ) ಇದೆಯಾ ಅಂತ ನೋಡಿಸಬೇಕು. ಅದರಲ್ಲಿ ಚಿಂತೆ ಚರ್ಮದ್ದಲ್ಲ. ಹೃದಯದಿಂದ ಹೊರಡೋ ಮಹಾಪಧಮನಿ ಹಿಗ್ಗುತ್ತೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು, ಕಣ್ಣಿನ ಮಸೂರ ಜಾರಿದೆಯಾ ನೋಡಿಸಬೇಕು.

ಮೂರನೇಪದರ
ತಕರಾರು ಅವರೇ, ಮಾತು ಒಪ್ಪಿದೆ, ಜನರನ್ನ ಹೆದರಿಸಬೇಡಿ ಅಷ್ಟೇ. 2010ರ ಮಾರ್ಫಾನ್ ಮಾನದಂಡದಲ್ಲಿ ಮೈಯ ಲಕ್ಷಣಗಳಿಗೆ ಒಟ್ಟು 20 ಅಂಕ, 7 ದಾಟಿದ್ರೆ ಮಾತ್ರ ಲೆಕ್ಕಕ್ಕೆ. ಸ್ಟ್ರೆಚ್ ಮಾರ್ಕಿಗೆ ಅದರಲ್ಲಿ ಸಿಗೋದು ಒಂದೇ ಒಂದು ಅಂಕ. ಬೆನ್ನಲ್ಲಿ ಗೆರೆ ಇರೋ ಹುಡುಗರಲ್ಲಿ ಹೆಚ್ಚಿನವರಿಗೆ ಏನೂ ಕಾಯಿಲೆ ಇರಲ್ಲ.

ತಕರಾರು
7 ದಾಟಬೇಕಿಲ್ಲ, 7 ಬಂದ್ರೂ ಸಾಕು. ಅಂಕಿ ಹೇಳೋವಾಗ ಸರಿಯಾಗಿ ಹೇಳಿ ಸ್ವಾಮಿ.

ಮೂರನೇಪದರ
7 ಅಥವಾ ಹೆಚ್ಚು. ಸಮಾಧಾನನಾ?

ಔಷಧಿಡಬ್ಬಿ
ಇಲ್ಲಿ ಯಾರೂ ಕೇಳದ ಪ್ರಶ್ನೆ: ಆ ಹುಡುಗ ಮೈಗೆ ಯಾವುದಾದ್ರೂ ಕ್ರೀಮ್ ಹಚ್ತಿದ್ದಾನಾ? ಹುಳುಕಡ್ಡಿಗೆ, ಅಲರ್ಜಿಗೆ, ಬೆಳ್ಳಗಾಗೋಕೆ, ಯಾವುದೇ ಆಗಲಿ. "ಇದ್ದಕ್ಕಿದ್ದ ಹಾಗೆ ಬಂತು" ಅನ್ನೋ ಗೆರೆಗಳ ಹಿಂದೆ ಆಗಾಗ ಒಂದು ಟ್ಯೂಬ್ ಸಿಗುತ್ತೆ.

ಟ್ಯೂಬ್ ಹಿಂಭಾಗ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಹ್ಯಾಲೊಬೆಟಾಸಾಲ್, ಬೆಕ್ಲೋಮೆಥಾಸೋನ್ ಇವೆಲ್ಲ ಸ್ಟೆರಾಯ್ಡ್. ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಸ್ಟೆರಾಯ್ಡ್ ಮೂರನ್ನೂ ಬೆರೆಸಿದ ಕ್ರೀಮುಗಳಿವೆ. ಹಚ್ಚಿದ ಎರಡನೇ ದಿನಕ್ಕೇ ನವೆ ನಿಲ್ಲುತ್ತೆ, ಹಾಗಾಗಿ ಜನಕ್ಕೆ ಇಷ್ಟ. ಒಳಗೆ ಆಗೋದೇನು ಅಂದ್ರೆ, ಚರ್ಮಕ್ಕೆ ಗಟ್ಟಿತನ ಕೊಡೋ ಕೊಲಾಜನ್ ತಯಾರಿಸೋ ಜೀವಕೋಶಗಳ ಕೆಲಸವನ್ನ ಸ್ಟೆರಾಯ್ಡ್ ತಗ್ಗಿಸುತ್ತೆ, ಚರ್ಮ ತೆಳ್ಳಗಾಗುತ್ತೆ, ನಡೆದಾಡೋ ಮಾಮೂಲಿ ಎಳೆತಕ್ಕೇ ಬಿರಿಯುತ್ತೆ. ತೊಡೆಸಂದು, ಕಂಕುಳು, ಎದೆಯ ಕೆಳಮಡಿಕೆಯಲ್ಲಿ ಕೆಲವೇ ವಾರ ಸಾಕು. ಅಲ್ಲಿ ಚರ್ಮ ಮೊದಲೇ ತೆಳು, ಜೊತೆಗೆ ಬೆವರು ಮತ್ತು ಉಜ್ಜಾಟ, ಔಷಧಿ ಒಳಗೆ ಹೆಚ್ಚು ಇಳಿಯುತ್ತೆ. ಗೆರೆ ಅಗಲವಾಗಿ, ಕೆಂಪಗೆ, ಮಡಿಕೆಯ ಉದ್ದಕ್ಕೇ ಬರುತ್ತೆ. ಹುಳುಕಡ್ಡಿ ಮಾತ್ರ ಒಳಗೊಳಗೇ ಹಬ್ಬುತ್ತಾ ಇರುತ್ತೆ.

ಕ್ಲೋಬೆಟಾಸಾಲ್ ಬಳಕೆಯ ಮಿತಿ ಟ್ಯೂಬ್ ಜೊತೆ ಬರೋ ಚೀಟಿಯಲ್ಲೇ ಇರುತ್ತೆ: ಒಟ್ಟೊಟ್ಟಿಗೆ 2 ವಾರ, ವಾರಕ್ಕೆ 50 ಗ್ರಾಂ ಮೀರಬಾರದು. ತೊಡೆಸಂದಿಗೆ ಅದನ್ನ ಹಚ್ಚೋದೇ ತಪ್ಪು.

ಸುಮ್ನೆಓದುಗ
ಕ್ರೀಮ್ ನಿಲ್ಲಿಸಿದ್ರೆ ಗೆರೆ ಹೋಗುತ್ತಾ?

ಔಷಧಿಡಬ್ಬಿ
ಕೆಂಪು ಇಳಿಯುತ್ತೆ, ಗೆರೆ ಉಳಿಯುತ್ತೆ. ತೆಳ್ಳಗಾದ ಚರ್ಮ ಕೆಲ ತಿಂಗಳಲ್ಲಿ ಸುಧಾರಿಸುತ್ತೆ, ಬಿರಿದ ಜಾಗ ಮೊದಲಿನ ಹಾಗೆ ಆಗಲ್ಲ.

ನಿಲ್ಲಿಸೋದ್ರಲ್ಲೂ ಎಚ್ಚರ. ಸಣ್ಣ ಜಾಗಕ್ಕೆ ಹಚ್ತಿದ್ರೆ ಡಾಕ್ಟರ್ ಹೇಳಿದ ಶಿಲೀಂಧ್ರದ ಔಷಧಿಗೆ ಬದಲಾಯಿಸಿ, ಸ್ಟೆರಾಯ್ಡ್ ಬಿಡಬಹುದು. ಒಂದೆರಡು ವಾರ ನವೆ ಕೆರಳುತ್ತೆ, ಆಗ ಮತ್ತೆ ಹಳೇ ಟ್ಯೂಬಿಗೆ ಕೈ ಹಾಕಬಾರದು. ಆದ್ರೆ ಮೈತುಂಬ ತಿಂಗಳುಗಟ್ಟಲೆ ಹಚ್ಚಿದವರು, ಅಥವಾ ಸ್ಟೆರಾಯ್ಡ್ ಮಾತ್ರೆ ನುಂಗ್ತಿರೋರು ತಾವಾಗೇ ದಿಢೀರ್ ಬಿಡಬಾರದು. ದೇಹ ತನ್ನದೇ ಸ್ಟೆರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ಮಾಡೋದನ್ನ ನಿಲ್ಲಿಸಿರುತ್ತೆ. ಸುಸ್ತು, ವಾಂತಿ, ಬಿ.ಪಿ. ಕುಸಿಯೋದು ಎಲ್ಲ ಆಗಬಹುದು, ಪ್ರಾಣಕ್ಕೂ ಅಪಾಯ. ಡಾಕ್ಟರ್ ಹಂತ ಹಂತವಾಗಿ ಇಳಿಸಬೇಕು.

ಬಿಸಿಲುಮಚ್ಚು
ಕ್ರೀಮ್ ಏನೂ ಇಲ್ಲ, ಕೇಳಿದೆ. ಹೆಬ್ಬೆರಳು ಪರೀಕ್ಷೆನೂ ಮಾಡಿಸ್ದೆ, ಆಚೆ ಬರಲ್ಲ. ಕೈ ಚಾಚಿದ ಅಳತೆ ಎತ್ತರದಷ್ಟೇ ಇದೆ. ಹಾಗಾದ್ರೆ ಏನು ಹಚ್ಚೋದು ಹೇಳಿ.

ಮೂರನೇಪದರ
ಕೆಂಪಗಿರೋವಾಗಲೇ ಕೇಳಿದ್ದು ಒಳ್ಳೇದಾಯ್ತು. ಗೆರೆಗೆ ಎರಡು ಕಾಲ. ಮೊದಲ ಕೆಲ ತಿಂಗಳು ಕೆಂಪು ಅಥವಾ ನೇರಳೆ, ಆಗ ಒಳಗೆ ರಕ್ತನಾಳ ಹಿಗ್ಗಿರುತ್ತೆ, ಉರಿಯೂತ ಇರುತ್ತೆ, ರಿಪೇರಿ ನಡೀತಿರುತ್ತೆ. ಆಮೇಲೆ ಬಿಳಿಚಿಕೊಂಡು ಸುಕ್ಕು ಸುಕ್ಕಾಗುತ್ತೆ. ಔಷಧಿ ಕೇಳೋದು ಮೊದಲನೇ ಕಾಲದಲ್ಲಿ. ಬಿಳಿಯಾದ ಮೇಲೆ ಕ್ರೀಮಿಗೆ ಅಲ್ಲಿ ಹೆಚ್ಚೇನೂ ಕೆಲಸ ಇಲ್ಲ.

ತಕ್ಕಮಟ್ಟಿಗೆ ಪುರಾವೆ ಇರೋದು ವಿಟಮಿನ್ ಎ ಜಾತಿಯ ಔಷಧಿಯಾದ ಟ್ರೆಟಿನಾಯಿನ್‌ಗೆ. 1996ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಶೇ. 0.1ರ ಕ್ರೀಮನ್ನ ಹೊಸ ಗೆರೆಗಳಿಗೆ ದಿನಾ 24 ವಾರ ಹಚ್ಚಿಸಿದ್ರು. ಗೆರೆಯ ಉದ್ದ ಸರಾಸರಿ ಶೇ. 14, ಅಗಲ ಶೇ. 8 ಇಳೀತು. ಔಷಧಿ ಇಲ್ಲದ ಬರೀ ಕ್ರೀಮ್ ಹಚ್ಚಿದವರಲ್ಲಿ ಎರಡೂ ಏರಿದ್ವು. ಅಂದ್ರೆ ಪವಾಡ ಅಲ್ಲ, ಆದ್ರೆ ಸುಳ್ಳೂ ಅಲ್ಲ.

ತಕರಾರು
ಶೇ. 14 ಅಂದ್ರೆ 5 ಸೆಂ.ಮೀ. ಗೆರೆ 4.3 ಆಗುತ್ತೆ. ಅದಕ್ಕೆ ಆರು ತಿಂಗಳು ಚರ್ಮ ಸುಲಿಸ್ಕೋಬೇಕಾ? ಹದಿನಾರರ ಹುಡುಗನಿಗೆ ನನ್ನ ಸಲಹೆ: ಬಿಟ್ಟುಬಿಡಿ. ಒಂದೆರಡು ವರ್ಷದಲ್ಲಿ ಕೆಂಪು ಹೋಗಿ ಮೈಬಣ್ಣಕ್ಕೆ ಹತ್ತಿರ ಬರುತ್ತೆ, ಮೂರಡಿ ದೂರದಿಂದ ಯಾರಿಗೂ ಕಾಣಲ್ಲ.

ಮೂರನೇಪದರ
ಬಿಟ್ಟುಬಿಡೋದೂ ಒಂದು ಸರಿಯಾದ ಆಯ್ಕೆನೇ, ಇಲ್ಲ ಅನ್ನಲ್ಲ. ಆದ್ರೆ ಆಯ್ಕೆ ಮಾಡಬೇಕಾದ್ದು ಹುಡುಗ. ಅವನಿಗೆ ಈಜು ಬಿಡೋಷ್ಟು ಕಿರಿಕಿರಿ ಆಗ್ತಿದೆ ಅಂದ್ರೆ "ಯಾರಿಗೂ ಕಾಣಲ್ಲ" ಅನ್ನೋ ಮಾತು ಅವನ ಕಿವಿಗೆ ಇಳಿಯಲ್ಲ.

ಹಚ್ಚೋದೇ ಆದ್ರೆ ಹೀಗೆ. ಚರ್ಮದ ಡಾಕ್ಟರ್ ಚೀಟಿ ಬೇಕೇ ಬೇಕು. ಶುರು ಶೇ. 0.025 ಅಥವಾ 0.05ರಿಂದ, ಮೊದಲ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಸ್ನಾನ ಮಾಡಿ 20-30 ನಿಮಿಷ ಬಿಡಿ, ಚರ್ಮ ಪೂರ್ತಿ ಒಣಗಿರಬೇಕು, ತೇವದ ಮೇಲೆ ಹಚ್ಚಿದ್ರೆ ಉರಿ ಜಾಸ್ತಿ. ಗೆರೆಯ ಮೇಲೆ ಮಾತ್ರ ತೆಳುವಾಗಿ, ಅಕ್ಕಪಕ್ಕದ ಚರ್ಮಕ್ಕೆ ಬೇಡ. ಹತ್ತು ನಿಮಿಷದ ಮೇಲೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಎರಡರಿಂದ ನಾಲ್ಕನೇ ವಾರದಲ್ಲಿ ಸಿಪ್ಪೆ ಏಳುತ್ತೆ, ಕೆಂಪಾಗುತ್ತೆ. ಆಗ "ಗೆರೆ ಜಾಸ್ತಿ ಆಯ್ತು" ಅಂತ ಅರ್ಧ ಜನ ಬಿಡ್ತಾರೆ. ಉರಿ ತಡೆಯೋಕಾಗದಿದ್ರೆ ಮೂರು ನಾಲ್ಕು ದಿನ ನಿಲ್ಲಿಸಿ, ವಾರಕ್ಕೆ ಎರಡು ಸಲದಿಂದ ಮತ್ತೆ ಶುರು ಮಾಡಿ. ಕಂದು ಚರ್ಮದವರು ಇದನ್ನ ಹಗುರವಾಗಿ ತಗೋಬಾರದು, ಕೆರಳಿದ ಜಾಗ ಕಪ್ಪಾಗಿ ಕೂತ್ರೆ ಗೆರೆಗಿಂತ ಅದೇ ಎದ್ದು ಕಾಣುತ್ತೆ. ಮೂರು ತಿಂಗಳಿಗೆ ಮುಂಚೆ ಫಲಿತಾಂಶ ನೋಡೋಕೆ ಹೋಗ್ಬೇಡಿ.

ಸೂಲಗಿತ್ತಿ2
ದಪ್ಪಕ್ಷರದಲ್ಲಿ ಬರೀರಿ: ಬಸುರಿಯರು, ಬಸಿರಿಗೆ ಪ್ರಯತ್ನ ಪಡ್ತಿರೋರು ಟ್ರೆಟಿನಾಯಿನ್ ಮುಟ್ಟಬಾರದು. ರೆಟಿನಾಲ್ ಅಂತ ಬರೆದಿರೋ ಕ್ರೀಮೂ ಬೇಡ. ಹಾಲೂಡಿಸೋವಾಗ ಎದೆಯ ಮೇಲಿನ ಗೆರೆಗಳಿಗಂತೂ ಖಂಡಿತ ಬೇಡ, ಮಗುವಿನ ಬಾಯಿಗೆ ಹೋಗುತ್ತೆ.

ಮೂರನೇಪದರ
ಹೌದು, ಅದನ್ನ ಮೊದಲೇ ಬರೀಬೇಕಿತ್ತು.

ಹಿತ್ತಲಗಿಡ
ಎಲ್ಲ ಕೆಮಿಕಲ್ ಕಂಪನಿಗಳ ಹುನ್ನಾರ. ನಿಂಬೆರಸ ಹಚ್ಚಿ ಬಿಸಿಲಿಗೆ ಕೂತ್ರೆ ಗೆರೆ ತಿಳಿಯಾಗುತ್ತೆ.

ಔಷಧಿಡಬ್ಬಿ
ಅಯ್ಯೋ, ದಯವಿಟ್ಟು ಯಾರೂ ಮಾಡಬೇಡಿ! ನಿಂಬೆಯಲ್ಲಿ ಫ್ಯೂರೊಕೌಮರಿನ್ ಅನ್ನೋ ವಸ್ತು ಇದೆ, ಬಿಸಿಲಿನ ನೇರಳಾತೀತ ಕಿರಣ ಬಿದ್ರೆ ಸುಡುತ್ತೆ. ಒಂದೆರಡು ದಿನದಲ್ಲಿ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ, ರಸ ಹರಿದ ದಾರಿಯ ಆಕಾರದಲ್ಲೇ.

ಎಣ್ಣೆ ವಿಷಯ. ಚರ್ಮದ ಮೇಲ್ಪದರದ ದಪ್ಪ ಹೆಚ್ಚಿನ ಕಡೆ ಸುಮಾರು 0.1 ಮಿ.ಮೀ. ಬಿರಿದಿರೋದು ಅದರ ಕೆಳಗೆ, ಕೊಲಾಜನ್ ಮತ್ತು ಎಲಾಸ್ಟಿನ್ ಎಳೆಗಳಿರೋ ಒಳಪದರದಲ್ಲಿ. ಚಡ್ಡಿಯ ಎಲಾಸ್ಟಿಕ್ ಒಳಗೆ ತುಂಡಾದ ಮೇಲೆ ಹೊರಗಿನ ಬಟ್ಟೆಗೆ ಎಷ್ಟು ಇಸ್ತ್ರಿ ಮಾಡಿದ್ರೂ ಬಿಗಿ ಬರುತ್ತಾ? ಕೊಲಾಜನ್ ಕ್ರೀಮಿನ ಕಥೆ ಇನ್ನೂ ಮಜಾ. ಚರ್ಮ ದಾಟಿ ಒಳಗಿಳಿಯೋಕೆ ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು ಅಂತ ಒಂದು ಲೆಕ್ಕ. ಇಡೀ ಕೊಲಾಜನ್ ಅಣು ಸುಮಾರು 3,00,000. ಬಾಗಿಲಲ್ಲೇ ನಿಲ್ಲುತ್ತೆ.

ಹಿತ್ತಲಗಿಡ
ಹಾಗಾದ್ರೆ ಬಸುರಿಯರಿಗೆ ಎಣ್ಣೆ ಹಚ್ಚೋದೆಲ್ಲ ಸುಳ್ಳಾ?

ಸೂಲಗಿತ್ತಿ2
ಸುಳ್ಳು ಅಂತಲ್ಲಣ್ಣ, ಕೆಲಸ ಬೇರೆ. ಒಣ ಚರ್ಮ, ನವೆ, ಬಿಗಿತ ಇದಕ್ಕೆಲ್ಲ ಹಿತ. ಗೆರೆ ಬರದ ಹಾಗೆ ತಡೆಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. 2012ರಲ್ಲಿ ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಸೇರಿಸಿ ತೂಗಿ ನೋಡೋ ಸಂಸ್ಥೆಯಾದ ಕೊಕ್ರೇನ್‌ನವರು 6 ಪ್ರಯೋಗ, 800 ಹೆಂಗಸರ ಮಾಹಿತಿ ಒಟ್ಟು ಹಾಕಿ ನೋಡಿದ್ರು. ಹಚ್ಚೋ ಯಾವ ಕ್ರೀಮೂ ಗೆರೆ ತಡೆಯುತ್ತೆ ಅನ್ನೋಕೆ ಒಳ್ಳೇ ಗುಣಮಟ್ಟದ ಆಧಾರ ಸಿಗಲಿಲ್ಲ. ಕೋಕೋ ಬೆಣ್ಣೆ, ಆಲಿವ್ ಎಣ್ಣೆ ಪ್ರಯೋಗದಲ್ಲಿ ಸೋತಿವೆ. ಬಾದಾಮಿ ಎಣ್ಣೆ ಹಾಕಿ ಮಸಾಜ್ ಮಾಡಿದ ಒಂದು ಅಧ್ಯಯನದಲ್ಲಿ ಗೆರೆ ಕಮ್ಮಿ ಬಂದವು, ಆದ್ರೆ ಮಸಾಜ್ ಇಲ್ಲದೆ ಬರೀ ಎಣ್ಣೆ ಹಚ್ಚಿದವರಿಗೆ ಲಾಭ ಕಾಣಲಿಲ್ಲ. ಹಾಗಾಗಿ ಎಣ್ಣೆಯ ಪುಣ್ಯವೋ ಕೈಯ ಪುಣ್ಯವೋ ಹೇಳೋಕೆ ಬರಲ್ಲ. ಯಾರಿಗೆ ಬರುತ್ತೆ ಅನ್ನೋದನ್ನ ಹೆಚ್ಚಾಗಿ ನಿರ್ಧರಿಸೋದು ತಾಯಿಗೆ ಬಂದಿತ್ತಾ, ಚಿಕ್ಕ ವಯಸ್ಸಲ್ಲಿ ಬಸಿರಾದ್ರಾ, ಮೊದಲಿನ ತೂಕ ಎಷ್ಟು, ಮಗು ಎಷ್ಟು ದಪ್ಪ ಅನ್ನೋದು.

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚೋರು ಮೊದಲು ಮೊಣಕೈ ಒಳಮಡಿಕೆಯಲ್ಲಿ ನಾಲ್ಕೈದು ದಿನ ಹಚ್ಚಿ ನೋಡಿ. ಕೆಲವರಿಗೆ ಅದರಿಂದಲೇ ಅಲರ್ಜಿ ದದ್ದು ಏಳುತ್ತೆ.

ಸುಮ್ನೆಓದುಗ
ಏಳನೇ ತಿಂಗಳು, ಹೊಟ್ಟೆ ಗೆರೆಗಳ ಮೇಲೆ ಸಿಕ್ಕಾಪಟ್ಟೆ ನವೆ ಇದ್ರೆ ಮಾಮೂಲಿನಾ?

ಸೂಲಗಿತ್ತಿ2
ಬರೀ ನವೆನಾ, ಗುಳ್ಳೆ ಇದೆಯಾ, ಎಲ್ಲಿಂದ ಶುರುವಾಯ್ತು ಅನ್ನೋದರ ಮೇಲೆ ಹೋಗುತ್ತೆ.

ಗೆರೆಗಳ ಮೇಲೇ ಕೆಂಪು ಗುಳ್ಳೆ ಎದ್ದು ದದ್ದುಗಟ್ಟಿ ತೊಡೆ, ಪೃಷ್ಠಕ್ಕೆ ಇಳಿದಿದ್ರೆ, ಹೊಕ್ಕುಳ ಸುತ್ತ ಮಾತ್ರ ಖಾಲಿ ಬಿಟ್ಟಿದ್ರೆ, ಅದು ಚೊಚ್ಚಲ ಬಸಿರಿನ ಕೊನೇ ತಿಂಗಳುಗಳಲ್ಲಿ ಬರೋ ಒಂದು ಚರ್ಮದ ಕೆರಳಿಕೆ. ತಾಯಿ ಮಗು ಇಬ್ಬರಿಗೂ ಅಪಾಯ ಇಲ್ಲ, ಡಾಕ್ಟರ್ ಕೊಡೋ ಹಗುರದ ಮುಲಾಮಿಗೆ ಹಿಡಿತಕ್ಕೆ ಬರುತ್ತೆ, ಹೆರಿಗೆ ಆದ ಮೇಲೆ ಹೋಗುತ್ತೆ. ಹೊಕ್ಕುಳ ಸುತ್ತಲೇ ಶುರುವಾಗಿ ನೀರು ತುಂಬಿದ ಬೊಬ್ಬೆ ಎದ್ರೆ ಬೇರೆ ಕಾಯಿಲೆ, ಕೂಡಲೇ ತೋರಿಸಬೇಕು.

ಇನ್ನೊಂದಿದೆ, ಅದೇ ಹೆಚ್ಚು ಮುಖ್ಯ. ಗುಳ್ಳೆ ಏನೂ ಇಲ್ಲ, ಅಂಗೈ ಅಂಗಾಲು ನವೆ, ರಾತ್ರಿ ಜಾಸ್ತಿ. "ಚರ್ಮ ಹಿಗ್ತಿದೆ ಅದಕ್ಕೆ" ಅಂತ ಸುಮ್ಮನಿರಬೇಡಿ. ಪಿತ್ತಕೋಶ, ಯಕೃತ್ತಿನ ತೊಂದರೆ ಇರಬಹುದು, ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತರಸದ ಆಮ್ಲ) ನೋಡಿಸಬೇಕು. ಮಟ್ಟ ತುಂಬ ಏರಿದ್ರೆ ಮಗುವಿಗೆ ಅಪಾಯ. ಅವತ್ತೇ ಫೋನ್ ಮಾಡಿ.

ಮೂರನೇಪದರ
ಯಕೃತ್ತು ಅಂತಷ್ಟೇ ಹೇಳಿ, ಪಿತ್ತಕೋಶದ ತೊಂದರೆ ಅಲ್ಲ ಅದು. ಪಿತ್ತರಸ ಯಕೃತ್ತಿನಿಂದ ಸರಿಯಾಗಿ ಹರಿಯಲ್ಲ. ಉಳಿದಿದ್ದೆಲ್ಲ ಸರಿ.

ಡಂಬೆಲ್‌ದಾಸ
ಜಿಮ್ ಹುಡುಗರ ಕಡೆ ಸ್ವಲ್ಪ ಬನ್ನಿ. ಕಂಕುಳ ಮುಂಭಾಗದಲ್ಲಿ, ತೋಳು ಎದೆ ಸೇರೋ ಕಡೆ ಬರೋ ಗೆರೆ. ತೂಕ ಎತ್ತುವಾಗ ತೋಳು ಹಿಂದಕ್ಕೆ ಹೋಗಿ ಚರ್ಮ ಪೂರ್ತಿ ಎಳೆದುಕೊಳ್ಳೋ ಜಾಗ ಅದು. ನಿಧಾನಕ್ಕೆ ಮೈ ಕಟ್ಟಿದವರಿಗೆ ಕಮ್ಮಿ. ವಾರ ವಾರಕ್ಕೂ ಮೈತೂಕ ಏರಿಸಿಕೊಂಡು "ಬಲ್ಕ್" ಮಾಡೋರಿಗೆ ಜಾಸ್ತಿ. ಗೆರೆ ಕಂಡ ಮೇಲೆ ವ್ಯಾಯಾಮ ಬಿಡಬೇಕಾಗಿಲ್ಲ, ಮೈತೂಕ ಏರೋ ವೇಗ ಇಳಿಸಿದ್ರೆ ಸಾಕು. ತೂಕ ಇಳಿಸಿದ್ರೆ ಗೆರೆ ಹೋಗುತ್ತೆ ಅಂತ ಕೆಲವರು ಹೇಳ್ತಾರೆ, ಹೋಗಲ್ಲ. ಚರ್ಮ ಸಡಿಲ ಆಗಿ ಇನ್ನೂ ಸುಕ್ಕಾಗಿ ಕಾಣಬಹುದು.

ತಕರಾರು
ಮತ್ತೆ ಕೆಲವರಿಗೆ ಎರಡೇ ತಿಂಗಳಲ್ಲಿ ಭುಜದ ತುಂಬ ನೇರಳೆ ಗೆರೆ ಜೊತೆಗೆ ಬೆನ್ನಿಗೆ ಮೊಡವೆ. ಪ್ರೋಟೀನ್ ಪುಡಿಯಿಂದ ಅಂತಾರೆ. ಮೈ ಕಟ್ಟೋಕೆ ತಗೊಂಡ ಹಾರ್ಮೋನ್ ಇಂಜೆಕ್ಷನ್ ಹೆಸರು ಯಾರೂ ಹೇಳಲ್ಲ.

ಡಂಬೆಲ್‌ದಾಸ
ಡಾಕ್ಟರ್ ಕೇಳಿದಾಗಲಾದ್ರೂ ಹೇಳಿದ್ರೆ ಸಾಕು.

ನಿರ್ವಾಹಕ
ಎಣ್ಣೆ ಮಾರಾಟದ ಲಿಂಕ್ ಇದ್ದ ಎರಡು ಪೋಸ್ಟ್ ಅಳಿಸಲಾಗಿದೆ. ಇಲ್ಲಿ ಜಾಹೀರಾತು ಬೇಡ.

ಅಂಗೈಗೆರೆ
ಯಾವಾಗ ಗಾಬರಿ ಆಗಬೇಕು ಅಂತ ಯಾರೂ ಬರೀಲಿಲ್ಲ. ಹೊಟ್ಟೆ ಮೇಲೆ, ಪಕ್ಕೆ ಮೇಲೆ 1 ಸೆಂ.ಮೀ.ಗಿಂತ ಅಗಲದ ಕಡು ನೇರಳೆ ಗೆರೆ, ಜೊತೆಗೆ ಇವುಗಳಲ್ಲಿ ಒಂದೆರಡು: ಮುಖ ಗುಂಡಗಾಗೋದು, ಕತ್ತಿನ ಹಿಂದೆ ಕೊಬ್ಬು, ತಟ್ಟಿದ್ರೆ ಸಾಕು ನೀಲಿಗಟ್ಟೋದು, ನೆಲದಿಂದ ಅಥವಾ ಕುರ್ಚಿಯಿಂದ ಕೈ ಊರದೆ ಏಳೋಕಾಗದಿರೋದು, ಹೊಸದಾಗಿ ಬಿ.ಪಿ. ಅಥವಾ ಶುಗರ್. ಇದು ಕಾರ್ಟಿಸಾಲ್ ಹೆಚ್ಚಾದ ಲಕ್ಷಣ, ಕುಶಿಂಗ್ಸ್ ಅಂತಾರೆ. ಮಕ್ಕಳಲ್ಲಿ ಗುರುತಿಸೋಕೆ ಒಂದು ಒಳ್ಳೇ ಸುಳಿವು ಇದೆ: ತೂಕ ಏರ್ತಾ ಇರುತ್ತೆ, ಎತ್ತರ ನಿಂತುಹೋಗಿರುತ್ತೆ. ಸುಮ್ಮನೆ ದಪ್ಪ ಆದ ಮಕ್ಕಳು ಎತ್ತರವೂ ಬೆಳೀತಾರೆ, ಅವರ ಗೆರೆ ಸಣ್ಣದು, ತಿಳಿ ಗುಲಾಬಿ.

ಪರೀಕ್ಷೆ ಸರಳ. ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ನುಂಗಿಸಿ ಬೆಳಿಗ್ಗೆ 8ಕ್ಕೆ ರಕ್ತದ ಕಾರ್ಟಿಸಾಲ್ ನೋಡ್ತಾರೆ, 1.8 ಮೈಕ್ರೋಗ್ರಾಂಗಿಂತ ಕೆಳಗೆ ಇಳಿದಿರಬೇಕು. ಇಲ್ಲವಾದ್ರೆ 24 ಗಂಟೆ ಮೂತ್ರ, ಅಥವಾ ನಡುರಾತ್ರಿಯ ಎಂಜಲು. ಗರ್ಭನಿರೋಧಕ ಮಾತ್ರೆ ತಗೊಳ್ತಿರೋರು ಮೊದಲೇ ಹೇಳಬೇಕು, ಅದರಲ್ಲಿರೋ ಈಸ್ಟ್ರೋಜೆನ್‌ನಿಂದ ಅಂಕಿ ಸುಳ್ಳೇ ಏರುತ್ತೆ.

ತಕರಾರು
ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ. ಲ್ಯಾಬ್ ರಿಪೋರ್ಟ್ ನ್ಯಾನೋಮೋಲ್‌ನಲ್ಲಿ ಬಂದ್ರೆ ಲೀಟರಿಗೆ 50.

ಅಂಗೈಗೆರೆ
ನಿಮಗೆ ಇದೇ ಕೆಲಸ ಮಾರಾಯ್ರೇ. ಧನ್ಯವಾದ.

ಸುಮ್ನೆಓದುಗ
ಹಳೇ ಬಿಳಿ ಗೆರೆಗೆ ಲೇಸರ್ ಹೇಗೆ? "ಪೂರ್ತಿ ತೆಗೆದುಹಾಕ್ತೀವಿ" ಅಂತ ಎಲ್ಲ ಕಡೆ ಬರುತ್ತಲ್ಲ.

ಲೇಸರ್‌ಲೆಕ್ಕ
"ಪೂರ್ತಿ" ಅನ್ನೋ ಪದ ಕೇಳಿದ ಕೂಡಲೇ ಎದ್ದು ಬನ್ನಿ. ಗೆರೆ ಅಳಿಸೋ ಯಂತ್ರ ಇಲ್ಲ, ಮಾಸಲು ಮಾಡೋ ಯಂತ್ರಗಳಿವೆ.

ಕೆಂಪು ಗೆರೆಗೆ 585 ಅಥವಾ 595 ನ್ಯಾನೋಮೀಟರಿನ ಪಲ್ಸ್‌ಡ್ ಡೈ ಲೇಸರ್. ಅದು ರಕ್ತದ ಕೆಂಪನ್ನ ಹುಡುಕಿ ಹೊಡೆಯುತ್ತೆ. ಕಪ್ಪು, ಕಂದು ಚರ್ಮದಲ್ಲಿ ಬಣ್ಣ ಕೊಡೋ ಮೆಲನಿನ್ ಕೂಡ ಅದೇ ಬೆಳಕನ್ನ ಹೀರಿಕೊಳ್ಳೋದ್ರಿಂದ ಸುಟ್ಟು ಕಲೆ ಆಗಬಹುದು. ಬಿಳಿ ಗೆರೆಗೆ ಈ ಲೇಸರ್ ದಂಡ, ಅಲ್ಲಿ ಹಿಗ್ಗಿದ ರಕ್ತನಾಳವೇ ಇರಲ್ಲ.

ಬಿಳಿ, ಸುಕ್ಕು ಗೆರೆಗೆ ಫ್ರ್ಯಾಕ್ಷನಲ್ ಲೇಸರ್. 1540-1550 ನ್ಯಾನೋಮೀಟರಿನದ್ದು ಮೇಲ್ಪದರ ಕೀಳದೆ ಒಳಗೆ ಸಣ್ಣ ಸಣ್ಣ ಬಿಸಿಕಂಬ ಮಾಡುತ್ತೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ತೂತು ಮಾಡಿ ಕೀಳುತ್ತೆ, ಗಾಯ ಒಣಗೋಕೆ ಹೆಚ್ಚು ದಿನ, ಕಪ್ಪಾಗೋ ಅಪಾಯವೂ ಹೆಚ್ಚು. ಇನ್ನೊಂದು ದಾರಿ ಮೈಕ್ರೋನೀಡ್ಲಿಂಗ್, 1.5ರಿಂದ 2 ಮಿ.ಮೀ. ಆಳಕ್ಕೆ ಸೂಜಿ, ಮೇಲೆ ರಕ್ತದ ಸಣ್ಣ ಚುಕ್ಕೆ ಏಳೋ ತನಕ. ಬಿಸಿ ಇಲ್ಲದ್ದರಿಂದ ಕಂದು ಚರ್ಮಕ್ಕೆ ಕಲೆಯ ಅಪಾಯ ಕಮ್ಮಿ, ಹಾಗಾಗಿ ಮೊದಲು ಇದನ್ನೇ ಕೇಳಿ ಅಂತ ನನ್ನ ಅಭಿಪ್ರಾಯ. ಯಾವುದೇ ಆದ್ರೂ 4-6 ವಾರದ ಅಂತರದಲ್ಲಿ 3ರಿಂದ 6 ಸಲ ಬೇಕಾಗುತ್ತೆ. ಹೊಸ ಕೊಲಾಜನ್ ಕೂರೋಕೆ ತಿಂಗಳು ಹಿಡಿಯುತ್ತೆ, ಹಾಗಾಗಿ ಕೊನೇ ಸಲದ ಮೂರು ತಿಂಗಳ ನಂತರ ತೀರ್ಪು.

ಇಡೀ ಜಾಗಕ್ಕೆ ಒಪ್ಪೋ ಮುಂಚೆ ಒಂದು ಗೆರೆಯ ತುಂಡಿಗೆ ಮಾತ್ರ ಮಾಡಿಸಿ 4-6 ವಾರ ಕಾಯಿರಿ. ಕಪ್ಪಾಗೋದಿದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ. ಕೆಲಾಯ್ಡ್ (ಗಾಯದ ಕಲೆ ಉಬ್ಬಿ ಬೆಳೆಯೋದು) ಏಳೋ ಮೈಯವರು, ಆ ಜಾಗದಲ್ಲಿ ಹುಳುಕಡ್ಡಿ ಇರೋರು ಬೇಡ.

ಬಿಸಿಲುಮಚ್ಚು
ಆನ್‌ಲೈನಲ್ಲಿ ಸಿಗೋ ಡರ್ಮಾ ರೋಲರ್ ಮನೆಯಲ್ಲೇ ಮಾಡಬಹುದಾ?

ಲೇಸರ್‌ಲೆಕ್ಕ
0.2-0.3 ಮಿ.ಮೀ.ನದ್ದು ಒಳಪದರದ ಆಳಕ್ಕೆ ಇಳಿಯಲ್ಲ, ಗೆರೆಗೆ ಉಪಯೋಗ ಇಲ್ಲ. 1.5 ಮಿ.ಮೀ.ನದ್ದು ಇಳಿಯುತ್ತೆ, ಆದ್ರೆ ಮನೆಯಲ್ಲಿ ಅದಕ್ಕೆ ಬೇಕಾದ ಶುಚಿ ಇರಲ್ಲ. ರೋಲರ್ ಉರುಳುವಾಗ ಸೂಜಿ ಓರೆಯಾಗಿ ಹೊಕ್ಕು ಓರೆಯಾಗಿ ಹೊರಬರುತ್ತೆ, ಚರ್ಮ ಗೀರುತ್ತೆ. ತುದಿ ಬಾಗಿದ್ರಂತೂ ಕೇಳಬೇಡಿ. ಸೋಂಕು, ರೋಲರಿನ ಅಚ್ಚಿನಂತೆ ಸಾಲು ಚುಕ್ಕೆ ಕಲೆ, ಎರಡೂ ಆಗುತ್ತೆ.

ಔಷಧಿಡಬ್ಬಿ
ಇದಕ್ಕೆ ಸೇರಿಸಿ: ಲೇಸರ್, ಸೂಜಿಗೆ ಮುಂಚೆ ಹಚ್ಚೋ ಮರಗಟ್ಟಿಸೋ ಕ್ರೀಮನ್ನ ಹೊಟ್ಟೆ, ಎರಡೂ ತೊಡೆಗೆ ಒಟ್ಟಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗೋರಿದ್ದಾರೆ. ಅದರಲ್ಲಿರೋ ಲಿಡೋಕೇನ್ ರಕ್ತಕ್ಕೆ ಸೇರಿ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಕೆಲವು ಕ್ರೀಮುಗಳಲ್ಲಿರೋ ಪ್ರಿಲೋಕೇನ್ ಜಾಸ್ತಿಯಾದ್ರೆ ರಕ್ತ ಆಮ್ಲಜನಕ ಹೊರೋದೇ ಕಷ್ಟ. ಕ್ಲಿನಿಕ್‌ನಲ್ಲೇ ಹಚ್ಚಿಸಿಕೊಳ್ಳಿ, ಒಂದು ದಿನ ಒಂದೇ ಜಾಗ.

ಸುಮ್ನೆಓದುಗ
ಬಿಳಿ ಗೆರೆಗೆ ಮತ್ತೆ ಬಣ್ಣ ಬರಿಸೋಕೆ?

ಲೇಸರ್‌ಲೆಕ್ಕ
308 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್. ಬಣ್ಣ ಬರುತ್ತೆ, ಸುಕ್ಕು ಹೋಗಲ್ಲ. ಕೆಲ ತಿಂಗಳಿಗೊಮ್ಮೆ ಮತ್ತೆ ಮಾಡಿಸದಿದ್ರೆ ಬಣ್ಣ ಮಾಸುತ್ತೆ. ಅಂಚಿನ ಚರ್ಮ ಕಪ್ಪಾಗಿ ಗೆರೆ ಇನ್ನೂ ಎದ್ದು ಕಾಣೋ ಸಾಧ್ಯತೆಯೂ ಇದೆ.

ಡಂಬೆಲ್‌ದಾಸ
ಬಿಸಿಲಿಗೆ ಮೈ ಒಡ್ಡಿದ್ರೆ ಗೆರೆ ಬೆರೆತುಹೋಗುತ್ತೆ ಅಂತಾರಲ್ಲ?

ಬಣ್ಣದಪೆಟ್ಟಿಗೆ
ಉಲ್ಟಾ. ಸುತ್ತಲಿನ ಚರ್ಮ ಕಪ್ಪಾಗುತ್ತೆ, ಬಿಳಿ ಗೆರೆ ಆಗಲ್ಲ, ಇನ್ನೂ ಫಳಫಳ ಕಾಣುತ್ತೆ. ಹೊರಗೆ ಕಾಣೋ ಗೆರೆಗೆ ಸನ್‌ಸ್ಕ್ರೀನ್ ಹಚ್ಚಿ.

ಮದುವೆ, ಫೋಟೋ, ಈಜು ಅಂತ ಒಂದು ದಿನಕ್ಕೆ ಮರೆಮಾಡಬೇಕು ಅನ್ನೋರಿಗೆ ಮೇಕಪ್ ಸಾಕು. ಕಂದು ಮೈಯಲ್ಲಿ ನೇರಳೆ ಗೆರೆಗೆ ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್, ತಿಳಿ ಮೈಯಲ್ಲಿ ಕೆಂಪಿಗೆ ಹಸಿರು. ಸಣ್ಣ ಬ್ರಷ್‌ನಲ್ಲಿ ಗೆರೆಯೊಳಗೆ ಮಾತ್ರ. ಅದರ ಮೇಲೆ ಮೈಬಣ್ಣದ ಕ್ಯಾಮೊಫ್ಲಾಜ್ ಕ್ರೀಮ್, ಉಜ್ಜಬೇಡಿ, ಬೆರಳಲ್ಲಿ ತಟ್ಟಿ. ಪೌಡರ್ ಧಾರಾಳವಾಗಿ ಹಾಕಿ 5-10 ನಿಮಿಷ ಬಿಟ್ಟು ಹೆಚ್ಚಾದದ್ದನ್ನ ಬ್ರಷ್‌ನಲ್ಲಿ ಕೊಡವಿ. ಪೌಡರ್ ಕಮ್ಮಿಯಾದ್ರೆ ಸೊಂಟದ ಪಟ್ಟಿ ಉಜ್ಜಿ ಬಟ್ಟೆಗೆಲ್ಲ ಬಳಿಯುತ್ತೆ.

ಬಿಳಿ ಗೆರೆಗೆ ಡಿಎಚ್‌ಎ ಇರೋ ಸೆಲ್ಫ್ ಟ್ಯಾನರ್ ಇದೆ. ಅದು ಚರ್ಮದ ಸತ್ತ ಪದರವನ್ನ ಕಂದು ಮಾಡುತ್ತೆ. ಹಿಂದಿನ ದಿನ ಮೈ ಉಜ್ಜಿ ಸ್ನಾನ, ಮರುದಿನ ಒಣ ಚರ್ಮಕ್ಕೆ ಇಯರ್‌ಬಡ್‌ನಲ್ಲಿ ಗೆರೆಗೆ ಮಾತ್ರ, ಕೆಲವು ಗಂಟೆ ನೀರು ತಾಗಿಸಬೇಡಿ. 5-7 ದಿನ ಇರುತ್ತೆ. ಇಡೀ ತೊಡೆಗೆ ಬಳಿದ್ರೆ ಎಲ್ಲ ಒಂದೇ ಅಳತೆಯಲ್ಲಿ ಕಪ್ಪಾಗಿ ಗೆರೆ ಹಾಗೇ ಉಳಿಯುತ್ತೆ, ಜನ ತಪ್ಪು ಮಾಡೋದು ಇಲ್ಲೇ. ಬಿಸಿಲಿನಿಂದ ರಕ್ಷಣೆ ಅದರಲ್ಲಿಲ್ಲ.

ಬಿಸಿಲುಮಚ್ಚು
ಎಲ್ಲರಿಗೂ ಧನ್ಯವಾದ. ಚರ್ಮದ ಡಾಕ್ಟರ್ ಹತ್ರ ಹೋಗೋವಾಗ ಏನು ತಗೊಂಡು ಹೋಗ್ಲಿ?

ಅಂಗೈಗೆರೆ
ಎರಡು ಮೂರು ವರ್ಷದ ಎತ್ತರ ತೂಕದ ದಾಖಲೆ, ಶಾಲೆಯಲ್ಲಿ ಅಳತೆ ಇದ್ರೆ ಅದು. ಹಚ್ಚಿದ ನುಂಗಿದ ಎಲ್ಲದರ ಪಟ್ಟಿ, ಆಸ್ತಮಾ ಇನ್‌ಹೇಲರ್, ನಾಟಿ ಔಷಧಿ, ಜಿಮ್ ಪುಡಿ ಸಮೇತ. ಖಾಲಿ ಟ್ಯೂಬ್ ಇದ್ರೂ ಎಸೀಬೇಡಿ, ತಗೊಂಡು ಹೋಗಿ. ಮತ್ತೆ ಒಂದು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಬಣ್ಣದಪೆಟ್ಟಿಗೆ
ಫೋಟೋ ಫ್ಲ್ಯಾಷ್ ಹಾಕಿ ತೆಗೀಬೇಡಿ, ಗೆರೆಯ ತಗ್ಗು ಕಾಣಲ್ಲ. ಕಿಟಕಿ ಪಕ್ಕ ನಿಲ್ಲಿಸಿ, ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಲಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ದೂರ. ಇಲ್ಲವಾದ್ರೆ ಕ್ರೀಮ್ ಕೆಲಸ ಮಾಡ್ತೋ ಬೆಳಕು ಬದಲಾಯ್ತೋ ಗೊತ್ತಾಗಲ್ಲ. ಜಾಹೀರಾತಿನ ‘ಮೊದಲು-ಆಮೇಲೆ’ ಫೋಟೋಗಳಲ್ಲಿ ಅರ್ಧ ಕೆಲಸ ಮಾಡೋದು ಆ ಲೈಟೇ.

ಹಿತ್ತಲಗಿಡ
ಹರಳೆಣ್ಣೆ ಹಚ್ಚಿ ಫೋಟೋ ತೆಗೆದ್ರೆ?

ತಕರಾರು
ಮಿಂಚುತ್ತೆ. ಹಚ್ಚೋದೇ ಆದ್ರೆ ಎರಡೂ ಫೋಟೋಗೆ ಹಚ್ಚಿ.